ಕೆಳಗಿನ ಕೋಣೆಯ ರೆಕಾರ್ಡು

ಹೋದ ವರ್ಷ ನಮ್ಮ ಮನೆಯಲ್ಲಿ ದಿನಾ ಸಂಜೆ ಒಂದು ಪರೀಕ್ಷೆ ನಡೆಯುತ್ತಿತ್ತು. ಪರೀಕ್ಷೆಗೆ ಕೂರುತ್ತಿದ್ದವರು ನಮ್ಮ ನಾನಾ, ಅಂದರೆ ಅಮ್ಮಿಯ ತಂದೆ. ಪ್ರಶ್ನೆ ಕೇಳುತ್ತಿದ್ದವರು ನಾವೆಲ್ಲ. ಮಗ್ರಿಬ್ ನಮಾಜು ಮುಗಿದು ಚಹಾ ಆದ ಮೇಲೆ ಮಾಮು ಹಳೆಯ ಫೋಟೋ ಆಲ್ಬಮ್ ತಂದು ನಾನಾರ ಮಡಿಲಲ್ಲಿ ಇಡುತ್ತಿದ್ದರು. "ಇದು ಯಾರು, ಹೇಳಿ ಅಬ್ಬಾ? ಇದು ಯಾರ ಮದುವೆ? ಇಲ್ಲಿ ನಿಂತಿರೋದು ಯಾರು?" ನಾನಾ ಫೋಟೋ ನೋಡುತ್ತಿದ್ದರು, ಆಮೇಲೆ ನಮ್ಮ ಮುಖ ನೋಡುತ್ತಿದ್ದರು. ಉತ್ತರ ನಮ್ಮ ಮುಖದಲ್ಲಿ ಎಲ್ಲಾದರೂ ಸಿಗಬಹುದೇ ಎಂದು ಹುಡುಕುವ ಹಾಗೆ. ಪರೀಕ್ಷಾ ಕೊಠಡಿಯಲ್ಲಿ ನಾನೂ ಹಾಗೆ ಮೇಲ್ವಿಚಾರಕರ ಮುಖ ನೋಡಿದ್ದುಂಟು.

ನಾನಾ ನಲವತ್ತು ವರ್ಷ ಟೈಲರ್ ಆಗಿದ್ದವರು. ಸ್ಟ್ರೋಕ್ ಆದ ಮೇಲೆ ಮಾತು ಬಂತು, ನಡಿಗೆ ಬಂತು, ಹೆಸರುಗಳು ಮಾತ್ರ ಬರಲಿಲ್ಲ. ನನ್ನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆಯುತ್ತಾರೆ. ಆಲ್ಬಮ್ಮಿನಿಂದ ಪ್ರಯೋಜನವಾಗದಿದ್ದಾಗ ಮಾಮು ಅಂಗಡಿಯ ಅಳತೆ ಪುಸ್ತಕಗಳನ್ನು ತಂದರು. ಎದೆ, ಸೊಂಟ, ತೋಳು, ಉದ್ದ ಎಲ್ಲವೂ ನಾನಾರ ಕೈಬರಹದಲ್ಲೇ ಇತ್ತು. ಪುಟದ ಅಂಚಿಗೆ ಬಟ್ಟೆಯ ತುಂಡು ಪಿನ್ ಮಾಡಿದ್ದೂ ಇತ್ತು. ನಾನಾ ಅದನ್ನು ಬೇರೆ ಯಾವುದೋ ಟೈಲರ್‌ನ ಪುಸ್ತಕ ಎಂಬಂತೆ ತಿರುವಿ, ಮರ್ಯಾದೆಯಿಂದ ಮುಚ್ಚಿ, ವಾಪಸ್ ಕೊಟ್ಟರು.

ಅದೇ ತಿಂಗಳಲ್ಲಿ ನಮ್ಮ ಬಯಾಲಜಿ ತರಗತಿಯಲ್ಲಿ ಮೆದುಳಿನ ಪಾಠ ನಡೆಯುತ್ತಿತ್ತು. ಹಿಪೊಕ್ಯಾಂಪಸ್ ಚಿತ್ರ ಬರೆಸುತ್ತಾ ಮೇಡಂ ನೆನಪಿನ ಬಗ್ಗೆ ಹೇಳುವಾಗ, ಅಮೆರಿಕದಲ್ಲಿ ಒಬ್ಬ ಗಿಟಾರ್ ವಾದಕರಿದ್ದರು, ಮೆದುಳಿನ ಶಸ್ತ್ರಚಿಕಿತ್ಸೆ ಆದ ಮೇಲೆ ಎಲ್ಲವನ್ನೂ ಮರೆತು ತಮ್ಮದೇ ರೆಕಾರ್ಡುಗಳನ್ನು ಕೇಳಿ ಮತ್ತೆ ಗಿಟಾರ್ ಕಲಿತರು ಎಂದರು. ಪ್ಯಾಟ್ ಮಾರ್ಟಿನೊ ಎಂಬ ಹೆಸರನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಪರೀಕ್ಷೆಗೆ ಬರುವ ವಿಷಯವಲ್ಲ, ಆದರೂ ಆ ದಿನ ಬರೆದುಕೊಂಡದ್ದರಲ್ಲಿ ನನಗೆ ನೆನಪಿರುವುದು ಅದೊಂದೇ.

ಮನೆಗೆ ಬಂದು ಯೂಟ್ಯೂಬಿನಲ್ಲಿ ಹುಡುಕಿ ಕೇಳಿದೆ. ನಿಜ ಹೇಳಬೇಕೆಂದರೆ ಮೊದಲ ಸಲ ಇಷ್ಟವಾಗಲಿಲ್ಲ. ಎಲ್ಲಿ ಶುರು, ಎಲ್ಲಿ ಮುಗಿಯಿತು ಗೊತ್ತಾಗದ ಹಾಗೆ ಸ್ವರಗಳು ಸುರಿಯುತ್ತವೆ. ಹಾಡಿಲ್ಲ, ಮಾತಿಲ್ಲ, ಗುನುಗಿಕೊಳ್ಳಲು ಒಂದು ಸಾಲೂ ಸಿಗುವುದಿಲ್ಲ. (ಸಂಗೀತದ ವಿಷಯದಲ್ಲಿ ನಮ್ಮ ಮನೆಯಲ್ಲೇ ಎರಡು ಅಭಿಪ್ರಾಯಗಳಿವೆ. ಆ ಚರ್ಚೆಯನ್ನು ನಾನಿ ಮತ್ತು ಮಾಮು ನೋಡಿಕೊಳ್ಳುತ್ತಾರೆ. ನಾನು ಇಯರ್‌ಫೋನ್ ಹಾಕಿಕೊಂಡು ಕೇಳಿದೆ.) ಈ ಶೈಲಿಯ ಹೆಸರು ಬಾಪ್, ಅಂದರೆ ಜಾಝ್ ಸಂಗೀತದ ಒಂದು ಕವಲು. 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮುಂತಾದ ಕಪ್ಪು ಜನಾಂಗದ ಯುವಕರು ಇದನ್ನು ಬೆಳೆಸಿದರು. ದೊಡ್ಡ ಬ್ಯಾಂಡುಗಳು ನುಡಿಸುತ್ತಿದ್ದ ಕುಣಿತದ ಸಂಗೀತ ಅವರಿಗೆ ಸಾಕಾಗಿತ್ತು. ಕುಣಿಯಲಾಗದಷ್ಟು ವೇಗವಾಗಿ, ಕೂತು ಕೇಳಲೇಬೇಕಾದ ಹಾಗೆ ಅವರು ನುಡಿಸಿದರು.

ಇದರಲ್ಲಿ ಕಷ್ಟ ಎಲ್ಲಿದೆ ಎಂದು ನನಗೆ ಅರ್ಥವಾಗಲು ಸಮಯ ಹಿಡಿಯಿತು. ನಮ್ಮ ಸಂಗೀತದಲ್ಲಿ ಷಡ್ಜ ಒಂದೇ ಕಡೆ ನಿಂತಿರುತ್ತದೆ, ಹಿಂದೆ ತಂಬೂರಿ ಅದನ್ನೇ ಹೇಳುತ್ತಿರುತ್ತದೆ. ಎಷ್ಟು ದೂರ ಹೋದರೂ ತಿರುಗಿ ಬರಲು ಒಂದು ಮನೆ ಇದೆ. ಬಾಪ್‌ನಲ್ಲಿ ಹಿಂದಿನ ಸ್ವರಗುಚ್ಛ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಅದನ್ನು ಕಾರ್ಡ್ ಎನ್ನುತ್ತಾರೆ. ನುಡಿಸುವವರು ಪ್ರತಿ ಬದಲಾವಣೆಗೂ ಹೊಂದುವ ಸ್ವರವನ್ನು ಆ ಕ್ಷಣದಲ್ಲೇ ಆರಿಸಬೇಕು. ಮೊದಲೇ ಬರೆದಿಟ್ಟುಕೊಂಡದ್ದು ಏನೂ ಇಲ್ಲ. ಅಂದರೆ ಇದು ಪೂರ್ತಿ ನೆನಪಿನ ಮೇಲೆ ನಿಂತ ಕಲೆ. ಸಾವಿರಾರು ಗಂಟೆಗಳ ಅಭ್ಯಾಸ ಬೆರಳಲ್ಲಿ ಇಳಿದಿದ್ದರೆ ಮಾತ್ರ ಆ ವೇಗದಲ್ಲಿ ಹೊಸದನ್ನು ಹುಟ್ಟಿಸಲು ಸಾಧ್ಯ. ಅಂಥವರಿಂದಲೇ ನೆನಪನ್ನು ಕಿತ್ತುಕೊಂಡರೆ?

ಮಾರ್ಟಿನೊ ಹುಟ್ಟಿದ್ದು 1944ರ ಆಗಸ್ಟ್ 25ರಂದು, ಫಿಲಡೆಲ್ಫಿಯಾದಲ್ಲಿ. ಇಟಲಿ ಮೂಲದ ಮನೆತನ, ನಿಜವಾದ ಹೆಸರು ಪ್ಯಾಟ್ ಅಜಾರಾ. ತಂದೆ ಕ್ಲಬ್ಬುಗಳಲ್ಲಿ ಹಾಡುತ್ತಿದ್ದವರು, ಗಿಟಾರಿನ ಹುಚ್ಚು ಇದ್ದವರು. ಮಗನನ್ನು ಕರೆದುಕೊಂಡು ಹೋಗಿ ವೆಸ್ ಮಾಂಟ್ಗೊಮರಿಯಂಥ ದೊಡ್ಡ ಗಿಟಾರ್ ವಾದಕರ ಮುಂದೆ ಕೂರಿಸುತ್ತಿದ್ದರು. ಹನ್ನೆರಡನೇ ವಯಸ್ಸಿಗೆ ಗಿಟಾರ್ ಹಿಡಿದ ಹುಡುಗ ಡೆನಿಸ್ ಸ್ಯಾಂಡೋಲ್ ಎಂಬ ಗುರುವಿನ ಹತ್ತಿರ ಕಲಿತ. ಅದೇ ಗುರುವಿನ ಹತ್ತಿರ ಜಾನ್ ಕೊಲ್ಟ್ರೇನ್ ಕೂಡ ಬರುತ್ತಿದ್ದರು. ಜಾಝ್ ಬಲ್ಲವರು ಈ ಹೆಸರನ್ನು ಎದ್ದು ನಿಂತು ಹೇಳುತ್ತಾರೆ. ಆ ಕೊಲ್ಟ್ರೇನ್ ಈ ಪುಟ್ಟ ಹುಡುಗನನ್ನು ಕರೆದುಕೊಂಡು ಹೋಗಿ ಬಿಸಿ ಚಾಕೊಲೇಟ್ ಕುಡಿಸಿ ಸಂಗೀತದ ಮಾತಾಡಿದರಂತೆ. ಹತ್ತನೇ ತರಗತಿಗೇ ಹುಡುಗ ಶಾಲೆ ಬಿಟ್ಟ. (ಈ ಒಂದು ವಾಕ್ಯವನ್ನು ಪ್ರಿನ್ಸಿಪಾಲರು ಓದದೆ ಮುಂದಕ್ಕೆ ಹೋಗಬೇಕೆಂದು ವಿನಂತಿ.)

ಶಾಲೆ ಬಿಟ್ಟು ಸೇರಿದ್ದು ನ್ಯೂಯಾರ್ಕಿನ ಹಾರ್ಲೆಮ್ಮಿಗೆ. ಅದು ಕಪ್ಪು ಜನರ ಬಡಾವಣೆ. ಅಲ್ಲಿನ ಕ್ಲಬ್ಬುಗಳಲ್ಲಿ ಆಗ ಆರ್ಗನ್ ವಾದ್ಯದ ತಂಡಗಳ ಕಾಲ. ವಿಲ್ಲಿಸ್ ಜಾಕ್ಸನ್, ಜ್ಯಾಕ್ ಮೆಕ್‌ಡಫ್, ಡಾನ್ ಪ್ಯಾಟರ್ಸನ್ ಇವರ ಜೊತೆ ಈ ಬಿಳಿ ಹುಡುಗ ರಾತ್ರಿಯಿಡೀ ನುಡಿಸಿದ. 1967ರಲ್ಲಿ ಪ್ರೆಸ್ಟೀಜ್ ಕಂಪನಿಗೆ ತನ್ನ ಹೆಸರಿನ ಮೊದಲ ರೆಕಾರ್ಡು ಮಾಡಿದ. ಅದರ ಹೆಸರು 'ಎಲ್ ಓಂಬ್ರೆ'. ಸ್ಪ್ಯಾನಿಷ್‌ನಲ್ಲಿ 'ಗಂಡಸು' ಎಂದರ್ಥ. ಹೆಸರಿಡುವಾಗ ವಯಸ್ಸು ಇಪ್ಪತ್ತೆರಡು. ನಮಗೂ ಆ ವಯಸ್ಸಿಗೆ ಇಂಥದೇ ಹೆಸರು ಹೊಳೆಯುತ್ತದೆ, ಬಿಡಿ. ಅದೇ ವರ್ಷ 'ಸ್ಟ್ರಿಂಗ್ಸ್!' ಬಂತು, ಮರುವರ್ಷ 'ಈಸ್ಟ್!'. ದಪ್ಪ ತಂತಿ, ಗಟ್ಟಿ ಹೊಡೆತ, ಒಂದೊಂದು ಸ್ವರವೂ ಒಂದೇ ಗಾತ್ರದ ಮಣಿ ಪೋಣಿಸಿದ ಹಾಗೆ. ಉಸಿರು ತೆಗೆದುಕೊಳ್ಳಲು ಕೂಡ ನಿಲ್ಲದ ಉದ್ದುದ್ದ ಸಾಲುಗಳು ಅವರ ಗುರುತಾದವು.

ಈ ಹೊತ್ತಿಗೆ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ರೆಕಾರ್ಡಿನ ಬಗ್ಗೆ ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಹೇಳದೆ ಇರಲಾರೆ. 1968ರದ್ದು, ಹೆಸರು 'ಬಯ್ಯಿನಾ'. ಹೌದು, ಕುರ್‌ಆನಿನ 98ನೇ ಸೂರಾದ ಹೆಸರೇ. 'ಸ್ಪಷ್ಟ ಪುರಾವೆ' ಎಂಬ ಅರ್ಥವನ್ನೂ ಇಂಗ್ಲಿಷಿನಲ್ಲಿ ಪಕ್ಕದಲ್ಲೇ ಕೊಟ್ಟಿದ್ದಾರೆ. ಅದರಲ್ಲಿ ನಾಲ್ಕು ರಚನೆಗಳು, ಒಂದರ ಹೆಸರು 'ಇಸ್ರಾಫೆಲ್'. ತಬಲಾ ಇದೆ, ತಂಬೂರಿ ಇದೆ. ಕುರ್‌ಆನಿನ ನಿಗೂಢಗಳಲ್ಲಿ ಒಂದು ಮಾಯಾಪ್ರಯಾಣ ಎಂಬ ಅರ್ಥದ ಸಾಲೊಂದನ್ನು ಹೊದಿಕೆಯ ಮೇಲೆ ಅಚ್ಚು ಹಾಕಿದ್ದಾರೆ. ಅದನ್ನು ಓದಿ ನನಗೆ ಸ್ವಲ್ಪ ಕಸಿವಿಸಿಯಾಯಿತು. ಅದು ಪೂರ್ವದೇಶದ್ದೆಲ್ಲ ಅಮೆರಿಕದಲ್ಲಿ ಫ್ಯಾಷನ್ ಆಗಿದ್ದ ಕಾಲ, ಸರಕು ಮಾರುವ ಭಾಷೆಯದು. ಆದರೆ ಒಳಗಿರುವ ಸಂಗೀತದಲ್ಲಿ ಆ ಸೋಗು ಇಲ್ಲ. ಒಬ್ಬನೇ ಹುಡುಗ ತನಗೆ ಪೂರ್ತಿ ಗೊತ್ತಿಲ್ಲದ ಒಂದು ದೊಡ್ಡ ಮನೆಯ ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟು ನಿಂತ ಹಾಗಿದೆ. ತಂಬೂರಿ ಹಿಂದೆ ನಿಂತ ಕಾರಣವೋ ಏನೋ, ನನ್ನ ಕಿವಿಗೆ ಮೊದಲು ದಾರಿ ಕೊಟ್ಟದ್ದು ಇದೇ.

1972ರ 'ಲೈವ್!' ರೆಕಾರ್ಡಿನಲ್ಲಿ 'ಸನ್ನಿ' ಎಂಬ ಆಗಿನ ಜನಪ್ರಿಯ ಹಾಡನ್ನು ಅವರು ಹತ್ತು ನಿಮಿಷ ಮೀರಿ ನುಡಿಸಿದ್ದಾರೆ. ನಡುವೆ ಒಂದು ಚಿಕ್ಕ ತುಣುಕನ್ನು ಹಿಡಿದು ಬಿಡದೆ ತಿರುಗಿಸುತ್ತಾರೆ, ತಿರುಗಿಸುತ್ತಲೇ ಇರುತ್ತಾರೆ. ಇನ್ನೇನು ಬೇಸರ ಬರಬೇಕು ಎನ್ನುವಾಗ ಅದೇ ತುಣುಕು ಬಿಸಿಯೇರಿ ಬೇರೆಯಾಗಿ ಕೇಳಿಸುತ್ತದೆ. ಒಮ್ಮೆ ಕೇಳಿ ನೋಡಿ. 1974ರ 'ಕಾನ್ಷಸ್‌ನೆಸ್' ಬರುವ ಹೊತ್ತಿಗೆ ಗಿಟಾರ್ ಕಲಿಯುವವರೆಲ್ಲ ಇವರ ಸಾಲುಗಳನ್ನು ಬಿಡಿಸಿ ಬರೆದುಕೊಳ್ಳುತ್ತಿದ್ದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಬರೆಯಲು ಕಷ್ಟವಾಗುತ್ತದೆ. 1976ರಲ್ಲಿ ಫ್ರಾನ್ಸಿನಲ್ಲಿ ವೇದಿಕೆಯ ಮೇಲೆ ನುಡಿಸುತ್ತಿರುವಾಗಲೇ ಕೈ ನಿಂತಿತು. ಅದು ಮೆದುಳಿನ ಸೆಳವು. ತಲೆನೋವು, ಸೆಳವು ಹೆಚ್ಚಾಗುತ್ತಾ ಹೋದವು. ವೈದ್ಯರು ಅದನ್ನು ಮಾನಸಿಕ ಕಾಯಿಲೆ ಎಂದುಕೊಂಡರು. ಬೀಗ ಹಾಕಿದ ವಾರ್ಡುಗಳಲ್ಲಿ ಇಟ್ಟರು, ವಿದ್ಯುತ್ ಚಿಕಿತ್ಸೆ ಕೊಟ್ಟರು. ನಿಜವಾದ ಕಾರಣ ಹುಟ್ಟಿನಿಂದಲೇ ಇದ್ದದ್ದು. ಮೆದುಳಿನ ಎಡಭಾಗದಲ್ಲಿ ಅಪಧಮನಿ, ಅಭಿಧಮನಿಗಳು ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿದ್ದವು. 1980ರಲ್ಲಿ ಅಲ್ಲಿ ರಕ್ತಸ್ರಾವವಾಗಿ ಸಾವಿನ ಅಂಚಿಗೆ ಹೋದ ಮೇಲಷ್ಟೇ ಅದು ಗೊತ್ತಾದದ್ದು. ಫಿಲಡೆಲ್ಫಿಯಾದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು, ಎಡ ಟೆಂಪೊರಲ್ ಲೋಬಿನ ದೊಡ್ಡ ಭಾಗವನ್ನೇ ತೆಗೆಯಬೇಕಾಯಿತು. ಆಗ ವಯಸ್ಸು ಮೂವತ್ತಾರರ ಆಸುಪಾಸು.

ಎಚ್ಚರವಾದಾಗ ಹಾಸಿಗೆಯ ಪಕ್ಕದಲ್ಲಿ ಇಬ್ಬರು ಅಪರಿಚಿತರು ನಿಂತಿದ್ದರು. ಇವರು ನಿನ್ನ ತಂದೆ ತಾಯಿ ಎಂದು ಹೇಳಲಾಯಿತು. ನೀನು ಗಿಟಾರ್ ವಾದಕ ಎಂದೂ ಹೇಳಲಾಯಿತು.

ಆ ಅಪರಿಚಿತರೇ ಅವರನ್ನು ಮನೆಗೆ ಕರೆದುಕೊಂಡು ಹೋಗಿ ನೋಡಿಕೊಂಡರು. ತಂದೆಗೆ ಒಂದೇ ಹಂಬಲ, ಮಗ ಮತ್ತೆ ನುಡಿಸಬೇಕು. ಅದಕ್ಕಾಗಿ ಮನೆಯಲ್ಲಿ ಮಗನ ಹಳೆಯ ರೆಕಾರ್ಡುಗಳನ್ನು ಹಾಕುತ್ತಿದ್ದರು. ಮೇಲಿನ ಕೋಣೆಯಲ್ಲಿ ಮಲಗಿದ ಮಗನಿಗೆ ಅವು ಗೋಡೆ ದಾಟಿ ಕೇಳಿಸುತ್ತಿದ್ದವು. ಇದನ್ನು ಓದುವವರೆಗೆ, ಆಗ ಅವರಿಗೆ ಏನೋ ಹೊಳೆದಿರಬೇಕು, ಕಣ್ಣೀರು ಬಂದಿರಬೇಕು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಆ ಸದ್ದು ತಮಗೆ ಹಿಂಸೆಯಾಗುತ್ತಿತ್ತು ಎಂದು ಮಾರ್ಟಿನೊ ಮುಂದೆ ಹೇಳಿಕೊಂಡಿದ್ದಾರೆ. ತಾನು ಯಾರಾಗಿರಬೇಕಿತ್ತೋ ಆ ಯಾರೋ ಒಬ್ಬನನ್ನು ಅದು ಪದೇ ಪದೇ ನೆನಪಿಸುತ್ತಿತ್ತು. ಆ ಯಾರೋ ತಾನಲ್ಲ ಎಂಬುದೊಂದೇ ಅವರಿಗೆ ಖಚಿತವಾಗಿ ಗೊತ್ತಿದ್ದದ್ದು.

ನಾನು ಅಲ್ಲಿಗೇ ಓದುವುದು ನಿಲ್ಲಿಸಿದೆ. ಆ ಸಂಜೆ ಮಾಮು ಆಲ್ಬಮ್ ತೆಗೆದಾಗ, "ಇವತ್ತು ಬೇಡ ಮಾಮು" ಎಂದೆ. ನಾಳೆಯೂ ಬೇಡ ಎಂದೆ. ಮಾಮುಗೆ ಸಿಟ್ಟು ಬಂತು. "ಹಾಗಾದ್ರೆ ನಮ್ಮನ್ನೆಲ್ಲ ಮರೆತೇ ಹೋಗಲಿ ಅಂತೀಯಾ?" ಎಂದರು. ಅವರ ದನಿ ನಡುಗುತ್ತಿತ್ತು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರೆಕಾರ್ಡು ಹಾಕುತ್ತಿದ್ದ ಆ ತಂದೆಯದೂ ತಪ್ಪಲ್ಲವಲ್ಲ. ಮಗ ತನ್ನ ಕಣ್ಣೆದುರೇ ಇದ್ದೂ ಇಲ್ಲದ ಹಾಗಾದಾಗ, ಅವನ ಹಳೆಯ ದನಿಯನ್ನಾದರೂ ಮನೆಯಲ್ಲಿ ಇಟ್ಟುಕೊಳ್ಳದೆ ಯಾರು ಇದ್ದಾರು? ಅಮ್ಮಿ ಮಾತ್ರ ಏನೂ ಹೇಳದೆ ಆಲ್ಬಮ್ ತೆಗೆದುಕೊಂಡು ಹೋಗಿ ಬೀರುವಿನ ಮೇಲೆ ಇಟ್ಟರು.

ಮಾರ್ಟಿನೊ ಮತ್ತೆ ಗಿಟಾರ್ ಹಿಡಿದದ್ದು ಕೆಳಗಿನ ಕೋಣೆಯ ಸದ್ದಿಗೆ ಓಗೊಟ್ಟು ಅಲ್ಲ. ದಿನಗಳು ಕಳೆಯಲು, ಒಳಗಿನ ಕತ್ತಲೆಯಿಂದ ತಪ್ಪಿಸಿಕೊಳ್ಳಲು ಅವರಿಗೆ ಏನಾದರೊಂದು ಬೇಕಿತ್ತು. ಆಗಷ್ಟೇ ಬಂದಿದ್ದ ಚಿಕ್ಕ ಕಂಪ್ಯೂಟರುಗಳಲ್ಲಿ ಕೈಯಾಡಿಸಿದರು. ಗಿಟಾರನ್ನೂ ಹಾಗೆಯೇ, ಮಗು ಆಟಿಕೆ ಹಿಡಿಯುವ ಹಾಗೆ, ಯಾರಿಗೂ ಏನೂ ತೋರಿಸುವ ಹಂಗಿಲ್ಲದೆ ಹಿಡಿದರು. ಬೆರಳುಗಳು ಫಲಕದ ಮೇಲೆ ಓಡಾಡುತ್ತಾ ಹೋದ ಹಾಗೆ ಕೆಲವು ಆಕಾರಗಳು ತಾವಾಗಿಯೇ ಬಂದವಂತೆ. ಹಳೆಯ ಮನೆಯಲ್ಲಿ ಮೆಟ್ಟಿಲು ಹತ್ತಿದಾಗ ಒಂದು ಕೋಣೆ ತೆರೆಯುತ್ತದೆ, ಅದರಾಚೆ ಇನ್ನೊಂದು ಇದೆ ಎಂದು ಕಾಲಿಗೆ ಗೊತ್ತಾಗುವ ಹಾಗೆ. ಅದಾದ ಮೇಲಷ್ಟೇ ರೆಕಾರ್ಡುಗಳು ಅವರ ಉಪಯೋಗಕ್ಕೆ ಬಂದದ್ದು. ತಮ್ಮದೇ ಹಳೆಯ ಸಾಲುಗಳನ್ನು ಬೇರೆ ಒಬ್ಬ ಉಸ್ತಾದರಿಂದ ಕಲಿಯುವ ಹಾಗೆ ಕೂತು ಕಲಿತರು. ವಿಜ್ಞಾನಿಗಳಿಗೂ ಇದು ಕುತೂಹಲದ ವಿಷಯವಾಯಿತು. 2008ರಲ್ಲಿ 'ಮಾರ್ಟಿನೊ ಅನ್‌ಸ್ಟ್ರಂಗ್' ಎಂಬ ಸಾಕ್ಷ್ಯಚಿತ್ರ ಬಂತು, ಅದರಲ್ಲಿ ಪಾಲ್ ಬ್ರಾಕ್ಸ್ ಎಂಬ ನರಮನೋವಿಜ್ಞಾನಿಯೇ ಜೊತೆಗಿದ್ದಾರೆ.

ಈ ಕಥೆಯನ್ನು ಎಲ್ಲರೂ ಪವಾಡ ಎಂದು ಬರೆಯುತ್ತಾರೆ. ನನಗೆ ಆ ಪದ ಒಪ್ಪಿಗೆಯಾಗುವುದಿಲ್ಲ. ಪವಾಡಕ್ಕೆ ಏಳು ವರ್ಷ ಬೇಕಾಗುವುದಿಲ್ಲ. 1987ರಲ್ಲಿ ನ್ಯೂಯಾರ್ಕಿನ ಫ್ಯಾಟ್ ಟ್ಯೂಸ್‌ಡೇಸ್ ಎಂಬ ಕ್ಲಬ್ಬಿನಲ್ಲಿ ಅವರು ನುಡಿಸಿದ್ದು 'ದಿ ರಿಟರ್ನ್' ಎಂಬ ಹೆಸರಿನಲ್ಲಿ ಬಂತು. ಜೊತೆಗೆ ಬಾಸ್ ಮತ್ತು ಡ್ರಮ್ಸ್ ಮಾತ್ರ. ಮರೆಯಾಗಿ ನಿಲ್ಲಲು ಬೇರೆ ಯಾವ ವಾದ್ಯವೂ ಇಲ್ಲ. ಅಲ್ಲಿಗೆ ಎಲ್ಲ ಸರಿಹೋಯಿತು ಎನ್ನುವ ಹಾಗೂ ಇಲ್ಲ. ತಂದೆ ತಾಯಿ ಕಾಯಿಲೆ ಬಿದ್ದರು, ಮತ್ತೆ ವೇದಿಕೆ ಬಿಟ್ಟರು. ಒಮ್ಮೆ ಅಪರಿಚಿತರಾಗಿ ಸಿಕ್ಕ ಆ ಇಬ್ಬರನ್ನು ಈಗ ಮಗನಾಗಿ ನೋಡಿಕೊಂಡರು. ಮುಂದಿನ ರೆಕಾರ್ಡು 'ಇಂಟರ್‌ಚೇಂಜ್' ಬಂದದ್ದು 1994ರಲ್ಲಿ. ಅಲ್ಲಿಂದಾಚೆಗೆ ನಿಲ್ಲಲಿಲ್ಲ. 2004ರಲ್ಲಿ 'ಡೌನ್‌ಬೀಟ್' ಪತ್ರಿಕೆಯ ಓದುಗರು ಅವರನ್ನು ವರ್ಷದ ಗಿಟಾರ್ ವಾದಕ ಎಂದು ಆರಿಸಿದರು. 2006ರಲ್ಲಿ, ತಂದೆ ಚಿಕ್ಕಂದಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದ್ದ ಆ ವೆಸ್ ಮಾಂಟ್ಗೊಮರಿಯ ಗೌರವಕ್ಕೆಂದು ಒಂದು ರೆಕಾರ್ಡು ಮಾಡಿದರು. ಅದಕ್ಕೆ ಇಟ್ಟ ಹೆಸರು 'ರಿಮೆಂಬರ್'.

ಇಷ್ಟೆಲ್ಲದರಲ್ಲಿ ನಾನು ಮತ್ತೆ ಮತ್ತೆ ಕೇಳುವುದು ಎರಡೇ. 1967ರ 'ಎಲ್ ಓಂಬ್ರೆ' ಮತ್ತು 2001ರಲ್ಲಿ ಬಂದ 'ಲೈವ್ ಅಟ್ ಯೋಶೀಸ್' ರೆಕಾರ್ಡಿನಲ್ಲಿರುವ 'ಎಲ್ ಓಂಬ್ರೆ'. ಒಂದೇ ರಚನೆ. ಎರಡರಲ್ಲೂ ಜೊತೆಗೆ ಆರ್ಗನ್ ಇದೆ. ಮೊದಲನೆಯದರಲ್ಲಿ ಟ್ರೂಡಿ ಪಿಟ್ಸ್, ಎರಡನೆಯದರಲ್ಲಿ ಜೋಯಿ ಡಿಫ್ರಾನ್ಸೆಸ್ಕೊ. ನಡುವೆ ಮೂವತ್ತಕ್ಕೂ ಹೆಚ್ಚು ವರ್ಷ, ಮತ್ತು ಮೆದುಳಿನ ಒಂದು ಭಾಗ. ಕಣ್ಣು ಮುಚ್ಚಿ ಕೇಳಿದರೆ ಅದೇ ಕೈ ಎಂದು ಯಾರೂ ಹೇಳುತ್ತಾರೆ. ಅದೇ ಉದ್ದ ಸಾಲು, ಅದೇ ದಪ್ಪ ತಂತಿ. ಆದರೆ ಇಪ್ಪತ್ತೆರಡರ ಹುಡುಗ ಓಡುವುದು ಯಾರೋ ಹಿಂದೆ ಬಿದ್ದಿದ್ದಾರೆ ಎಂಬಂತೆ. ಐವತ್ತಾರರ ಮನುಷ್ಯ ಅಷ್ಟೇ ಜೋರಾಗಿ ಓಡುತ್ತಾರೆ, ಆದರೆ ಬೆಳಗಿನ ಹೊತ್ತು ಖಾಲಿ ಮೈದಾನದಲ್ಲಿ ಓಡುವವರ ಹಾಗೆ. ಇದು ನನ್ನ ಕಿವಿಯ ತೀರ್ಪು. ಸಂಗೀತ ಬಲ್ಲವರು ಬೇರೆ ಹೇಳಬಹುದು. ಕಳೆದುಹೋದವರು ಇವರೇ ತಿರುಗಿ ಬಂದರೋ, ಅಥವಾ ಅದೇ ಹೆಸರಿನ ಬೇರೊಬ್ಬರು ಆ ಸಾಲುಗಳನ್ನು ಕಲಿತು ಬಂದರೋ? ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಎಷ್ಟು ಸಲ ಕೇಳಿದರೂ ನನಗೆ ಬಗೆಹರಿದಿಲ್ಲ. ಇತ್ತೀಚೆಗೆ, ಬಗೆಹರಿಯದಿದ್ದರೂ ನಷ್ಟವೇನು ಅನಿಸತೊಡಗಿದೆ.

ಕೊನೆಯ ವರ್ಷಗಳಲ್ಲಿ ಅವರಿಗೆ ಶ್ವಾಸಕೋಶದ ಕಾಯಿಲೆಯಾಯಿತು. 2018ರ ಪ್ರವಾಸದ ನಂತರ ವೇದಿಕೆ ಏರಲಾಗಲಿಲ್ಲ. 2021ರ ನವೆಂಬರ್ 1ರಂದು ದಕ್ಷಿಣ ಫಿಲಡೆಲ್ಫಿಯಾದ ತಮ್ಮ ಮನೆಯಲ್ಲಿ ತೀರಿಕೊಂಡರು. ವಯಸ್ಸು ಎಪ್ಪತ್ತೇಳು.

ನಮ್ಮ ಮನೆಯಲ್ಲಿ ಅಂಥದ್ದೇನೂ ನಡೆದಿಲ್ಲ. ನಾನಾ ಮತ್ತೆ ಕತ್ತರಿ ಹಿಡಿದಿಲ್ಲ, ಹೆಸರುಗಳೂ ಬಂದಿಲ್ಲ. ಸಂಜೆಯ ಪರೀಕ್ಷೆ ನಿಂತಿದೆ, ಅಷ್ಟೇ. ಆ ಹೊತ್ತಿನಲ್ಲಿ ಈಗ ನಾನಿ ಅಂಗಡಿಯಿಂದ ತಂದ ಗುಂಡಿಗಳ ಡಬ್ಬ ಅವರ ಮುಂದೆ ಇಟ್ಟಿರುತ್ತಾರೆ. ಯಾರೂ ಏನೂ ಹೇಳಿಕೊಟ್ಟಿಲ್ಲ. ನಾನಾ ತಾವಾಗಿಯೇ ಅಂಗಿಯದ್ದು ಒಂದು ಕಡೆ, ಕೋಟಿನದ್ದು ಒಂದು ಕಡೆ, ಶೇರ್ವಾನಿಯದ್ದು ಒಂದು ಕಡೆ ಗುಡ್ಡೆ ಮಾಡುತ್ತಾರೆ. ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಡಬ್ಬಕ್ಕೆ ಸುರಿದು ಅಲ್ಲಾಡಿಸುತ್ತಾರೆ, ನಾಳೆಗೆ ಕೆಲಸ ಬೇಕಲ್ಲ ಎಂಬಂತೆ. ಮೊದಮೊದಲು ಮುಖ ಬಿಗಿದುಕೊಂಡು ದೂರ ಕೂರುತ್ತಿದ್ದ ಮಾಮು ಈಗ ಪಕ್ಕದಲ್ಲಿ ಕೂತು ಅವರೂ ಒಂದೆರಡು ಆರಿಸುತ್ತಾರೆ. ತಪ್ಪಾಗಿ ಹಾಕಿದರೆ ನಾನಾ ಮಾಮುವಿನ ಕೈಗೆ ಮೆಲ್ಲಗೆ ಒಂದು ಪೆಟ್ಟು ಕೊಡುತ್ತಾರೆ.

ಮೊನ್ನೆ ಭಾನುವಾರ ಇಯರ್‌ಫೋನಿನ ಒಂದು ತುದಿಯನ್ನು ನಾನಾರ ಕಿವಿಗೆ ಇಟ್ಟೆ. ಯೋಶೀಸ್‌ನಲ್ಲಿ ನುಡಿಸಿದ 'ಎಲ್ ಓಂಬ್ರೆ'. ಗಿಟಾರ್ ಓಡತೊಡಗಿತು, ಒಂದೇ ಅಳತೆಯ ಸ್ವರಗಳು, ನಿಲ್ಲದೆ. ನಾನಾ ತಲೆ ಓರೆ ಮಾಡಿ ಬಹಳ ಹೊತ್ತು ಕೇಳಿದರು. ಕಾಲು ನೆಲದ ಮೇಲೆ, ಪೆಡಲ್ ತುಳಿಯುವ ಹಾಗೆ, ಸಣ್ಣಗೆ ಆಡುತ್ತಿತ್ತು.

"ಯಾರ ಮಿಷನ್ನು ಇದು?" ಎಂದರು. "ಎಣ್ಣೆ ಚೆನ್ನಾಗಿ ಬಿಟ್ಟಿದ್ದಾರೆ."

ಆಮೇಲೆ ನನ್ನನ್ನು ತಮ್ಮನ ಹೆಸರು ಹಿಡಿದು ಕರೆದು, ಗುಂಡಿ ಡಬ್ಬ ಹತ್ತಿರ ಸರಿಸು ಎಂದರು. ನಾನು ಹೂಂ ಎಂದು ಸರಿಸಿದೆ.